ಎರಡು ಗೆರೆ, ಮೇಲೊಂದು ಚುಕ್ಕಿ

ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದುವಾಗ ನಾವು ಮೂವರು ಹಾಸ್ಟೆಲಿನ ಒಂದೇ ರೂಮಿನಲ್ಲಿದ್ದೆವು. ಈಗ ಒಬ್ಬಳು ಶಿಕಾಗೋದಲ್ಲಿ, ಇನ್ನೊಬ್ಬಳು ಅಟ್ಲಾಂಟಾದಲ್ಲಿ, ನಾನು ಡಲ್ಲಾಸ್‌ನಲ್ಲಿ. ದಿನಾ ಫೋನಿನಲ್ಲಿ ಮಾತಾಡುತ್ತೇವೆ. ಆದರೆ ಮೂರೂ ಮನೆಯವರು ಒಂದೇ ಮನೆಯಲ್ಲಿ ಮಲಗಿ ಎದ್ದಿದ್ದು ಒಮ್ಮೆಯೂ ಇರಲಿಲ್ಲ. 2025ರ ಮಾರ್ಚ್‌ನಲ್ಲಿ ನನ್ನ ಮಗಳ ಶಾಲೆಗೆ ಒಂದು ವಾರ ರಜೆ ಸಿಕ್ಕಿತು. ಉಳಿದವರು ಆಫೀಸಿಗೆ ರಜೆ ಹಾಕಿದರು. ಮೆಕ್ಸಿಕೋದ ಕ್ಯಾರಿಬಿಯನ್ ಕರಾವಳಿಯ ಅಕುಮಾಲ್ ಎಂಬ ಸಣ್ಣ ಊರಿನಲ್ಲಿ ಸಮುದ್ರದ ದಂಡೆಗೆ ಒಂದು ಮನೆ ಹಿಡಿದೆವು. ದೊಡ್ಡವರು ಆರು ಜನ, ಮಕ್ಕಳು ಐದು. ನನ್ನ ಮಗಳಿಗೆ ಆರು ವರ್ಷ, ಮಗನಿಗೆ ಮೂರು. ಶಿಕಾಗೋ ಗೆಳತಿಗೆ ಐದು ವರ್ಷದ ಅವಳಿ ಗಂಡುಮಕ್ಕಳು. ಅಟ್ಲಾಂಟಾದವಳಿಗೆ ನಾಲ್ಕು ವರ್ಷದ ಮಗಳು, ಮನೆಯಲ್ಲಿ ಅವಳನ್ನು ಚಿನ್ನು ಅಂತಾರೆ.

ಶನಿವಾರ, ಮೊದಲ ದಿನ

ಡಲ್ಲಾಸ್‌ನಿಂದ ಕ್ಯಾನ್‌ಕೂನ್‌ಗೆ ವಿಮಾನದಲ್ಲಿ ಮೂರು ಗಂಟೆಯೂ ಇಲ್ಲ. ಭಾರತದ ಪಾಸ್‌ಪೋರ್ಟ್ ಇರುವವರು ಕೇಳುತ್ತಿರುತ್ತಾರೆ, ಅದಕ್ಕೇ ಹೇಳುತ್ತೇನೆ: ಅವಧಿ ಮುಗಿಯದ ಅಮೆರಿಕದ ವೀಸಾ ಸ್ಟಾಂಪ್ ಅಥವಾ ಗ್ರೀನ್ ಕಾರ್ಡ್ ಇದ್ದರೆ ಪ್ರವಾಸಕ್ಕೆ ಮೆಕ್ಸಿಕೋದ ಬೇರೆ ವೀಸಾ ಬೇಡ. ಪಾಸ್‌ಪೋರ್ಟಿನ ಸ್ಟಾಂಪ್ ಮೇಲಿನ ತಾರೀಖನ್ನು ಟಿಕೆಟ್ ಮಾಡುವ ಮೊದಲೇ ನೋಡಿಕೊಳ್ಳಿ.

ಬಾಡಿಗೆ ಕಾರಿನ ಕೌಂಟರಿನಲ್ಲಿ ಮಾತ್ರ ಒಂದೂವರೆ ಗಂಟೆ ಹೋಯಿತು. ಆನ್‌ಲೈನಿನಲ್ಲಿ ತೋರಿಸಿದ ಬಾಡಿಗೆ ಬೇರೆ, ಕೌಂಟರಿನಲ್ಲಿ ಕೇಳಿದ್ದು ಬೇರೆ. ಎದುರಿನವರಿಗೆ ಆಗುವ ನಷ್ಟದ ವಿಮೆ ಮೆಕ್ಸಿಕೋದಲ್ಲಿ ಕಡ್ಡಾಯ. ಅದನ್ನು ಸೇರಿಸದೆಯೇ ಅಗ್ಗದ ಬೆಲೆ ತೋರಿಸಿದ್ದರು. ನನ್ನ ಗಂಡನಿಗೆ ಸಿಟ್ಟು ಬಂತು, ನನಗೂ ಬಂತು. ಮಕ್ಕಳ ಜೊತೆ ಹೋಗುವವರು ವಿಮೆ ಸೇರಿಸಿದ ಪೂರ್ತಿ ಬೆಲೆಯನ್ನು ಮೊದಲೇ ಬರೆಸಿಕೊಳ್ಳಿ. ಚಪಾತಿಗೆ ಶೇಂಗಾ ಚಟ್ನಿ ಹಚ್ಚಿ ಸುತ್ತಿ ತಂದಿದ್ದೆ. ಅದೆಲ್ಲ ವಿಮಾನದಲ್ಲೇ ಖಾಲಿಯಾಗಿತ್ತು. ಮಗ ಹಸಿವಿನಿಂದ ಅಳುತ್ತಾ ಸೂಟ್‌ಕೇಸಿನ ಮೇಲೆಯೇ ನಿದ್ದೆ ಹೋದ.

307ನೇ ನಂಬರಿನ ಹೆದ್ದಾರಿ ಕ್ಯಾನ್‌ಕೂನ್‌ನಿಂದ ದಕ್ಷಿಣಕ್ಕೆ ನೆಟ್ಟಗೆ ಹೋಗುತ್ತದೆ. ಎರಡೂ ಕಡೆ ಗಿಡ್ಡ ಕಾಡು. ದಾರಿಯಲ್ಲಿ ಪ್ಲಾಯಾ ದೆಲ್ ಕಾರ್ಮೆನ್‌ನಲ್ಲಿ ನಿಲ್ಲಿಸಿ ಸಾಮಾನು ತಗೊಂಡೆವು. ತರಕಾರಿ ಸಾಲಿನಲ್ಲಿ ಅಟ್ಲಾಂಟಾ ಗೆಳತಿ ಕೂಗಿದಳು, "ಏ, ಇಲ್ಲಿ ನೋಡ್ರೇ, ಸೀಮೆಬದನೆ!" ರಾಶಿ ರಾಶಿ ಸೀಮೆಬದನೆಕಾಯಿ. ಇಲ್ಲಿ ಅದರ ಹೆಸರು ಚಯೋಟೆ. ಅದರ ತವರು ಇದೇ ದೇಶ. ನಮ್ಮ ಊರಿನಲ್ಲಿ ಅದಕ್ಕೆ ಸೀಮೆ ಅನ್ನುವ ಮಾತು ಯಾಕೆ ಅಂಟಿತು ಅನ್ನುವುದು ಆ ರಾಶಿಯ ಮುಂದೆ ನಿಂತಾಗ ತಿಳಿಯಿತು. ಮೆಣಸಿನಕಾಯಿ, ಟೊಮೆಟೊ, ಪೇರಲ, ಪಪ್ಪಾಯಿ ಕೂಡ ಸಮುದ್ರದ ಈ ಕಡೆಯಿಂದಲೇ ನಮ್ಮ ಅಡುಗೆಮನೆಗೆ ಬಂದವು. ಎರಡು ಕಿಲೋ ಸೀಮೆಬದನೆ ತಗೊಂಡೆವು.

ಮನೆ ತಲುಪಿದಾಗ ಕತ್ತಲು. ನಲ್ಲಿ ನೀರು ಕುಡಿಯುವ ಹಾಗಿಲ್ಲ. ಅಡುಗೆಮನೆಯಲ್ಲಿ ಇಪ್ಪತ್ತು ಲೀಟರಿನ ಕ್ಯಾನ್ ಇಟ್ಟಿದ್ದರು, ಬೆಂಗಳೂರಿನ ಮನೆಗಳಲ್ಲಿ ಇರುವಂಥದ್ದೇ. ಮಕ್ಕಳಿಗೆ ಬೇರೆ ಬೇರೆ ರೂಮು ಹಂಚಿದ್ದೆವು. ಯಾರೂ ಹೋಗಲಿಲ್ಲ. ಕೊನೆಗೆ ಹಾಲಿನಲ್ಲಿ ಹಾಸಿಗೆ ಎಳೆದು ಸಾಲಾಗಿ ಹಾಕಿದೆವು. ಐದು ತಲೆ ಒಂದೇ ಸಾಲಿನಲ್ಲಿ. ಬೇಸಿಗೆ ರಜೆಯಲ್ಲಿ ಅಜ್ಜಿ ಮನೆಯ ಪಡಸಾಲೆಯಲ್ಲಿ ನಾವು ಹೀಗೆಯೇ ಮಲಗುತ್ತಿದ್ದೆವು. ನನ್ನ ಮಕ್ಕಳಿಗೆ ಅಂಥ ಒಂದು ರಾತ್ರಿ ಅದುವರೆಗೆ ಸಿಕ್ಕಿರಲಿಲ್ಲ.

ಭಾನುವಾರ

ಬೆಳಿಗ್ಗೆ ಹೆದ್ದಾರಿ ದಾಟಿ ಹಳ್ಳಿ ಕಡೆ ಹೋದೆವು. ಸಮುದ್ರದ ಕಡೆ ಹೋಟೆಲು, ಬಾಡಿಗೆ ಮನೆಗಳು. ಇಲ್ಲಿ ಕೆಲಸ ಮಾಡುವ ಜನರ ಮನೆಗಳು ಹೆದ್ದಾರಿಯ ಆಚೆ ಇವೆ. ಅಲ್ಲೊಂದು ತೋರ್ತಿಯಾ ಅಂಗಡಿ. ಕಬ್ಬಿಣದ ಯಂತ್ರದ ಒಂದು ತುದಿಯಲ್ಲಿ ಹಿಟ್ಟಿನ ಮುದ್ದೆ ಹಾಕುತ್ತಾರೆ, ಇನ್ನೊಂದು ತುದಿಯಿಂದ ಬೆಂದ ರೊಟ್ಟಿ ಒಂದೊಂದಾಗಿ ಬೀಳುತ್ತದೆ. ಕಿಲೋ ಲೆಕ್ಕದಲ್ಲಿ ತೂಗಿ ಕೊಡುತ್ತಾರೆ. ಜನ ಮನೆಯಿಂದ ಬಟ್ಟೆ ತಂದು ಅದರಲ್ಲಿ ಸುತ್ತಿಕೊಂಡು ಹೋಗುತ್ತಾರೆ, ನಮ್ಮಲ್ಲಿ ರೊಟ್ಟಿ ಬುಟ್ಟಿಗೆ ಬಟ್ಟೆ ಹಾಸುವ ಹಾಗೆ.

ಇದು ಗೊಂಜಾಳದ, ಅಂದರೆ ಮೆಕ್ಕೆಜೋಳದ ರೊಟ್ಟಿ. ಆದರೆ ನಮ್ಮ ಗೊಂಜಾಳದ ರೊಟ್ಟಿಯ ಹಾಗೆ ಬರೀ ಹಿಟ್ಟು ಕಲಸಿ ಮಾಡುವುದಿಲ್ಲ. ಕಾಳನ್ನು ಸುಣ್ಣದ ನೀರಿನಲ್ಲಿ ಕುದಿಸಿ, ರಾತ್ರಿಯಿಡೀ ನೆನೆಸಿ, ತೊಳೆದು ರುಬ್ಬುತ್ತಾರೆ. ನೆನೆದ ಕಾಳಿಗೆ ನಿಶ್ತಮಾಲ್ ಅಂತ ಹೆಸರು. ಸುಣ್ಣಕ್ಕೆ ಸಿಪ್ಪೆ ಬಿಡುತ್ತದೆ, ಹಿಟ್ಟಿಗೆ ಜಿಗಿ ಬರುತ್ತದೆ. ಕಾಳಿನೊಳಗೆ ಸಿಕ್ಕಿಕೊಂಡಿರುವ ನಿಯಾಸಿನ್ ಎಂಬ ಜೀವಸತ್ವ ಮೈಗೆ ಹತ್ತುವುದೂ ಈ ಸುಣ್ಣದಿಂದಲೇ. ಯುರೋಪಿನವರು ಇಲ್ಲಿಂದ ಕಾಳು ಒಯ್ದರು, ಸುಣ್ಣ ಹಾಕುವ ಪದ್ಧತಿ ಒಯ್ಯಲಿಲ್ಲ. ಮುಂದೆ ಗೊಂಜಾಳವನ್ನೇ ನಂಬಿದ ಅಲ್ಲಿನ ಬಡವರಿಗೆ ಪೆಲಾಗ್ರಾ ಎಂಬ ಕಾಯಿಲೆ ಬಂತು. ಇಲ್ಲಿನ ಹೆಂಗಸರಿಗೆ ಸಾವಿರಾರು ವರ್ಷಗಳಿಂದ ಗೊತ್ತಿದ್ದ ಕೆಲಸ ಅದು.

ಕೌಂಟರಿನಲ್ಲಿದ್ದ ಹೆಂಗಸು ನಮ್ಮ ಮಕ್ಕಳನ್ನು ನೋಡಿದಳು. ಯಂತ್ರದಿಂದ ಬಿದ್ದ ಬಿಸಿ ರೊಟ್ಟಿ ಎತ್ತಿಕೊಂಡು, ಚಿಟಿಕೆ ಉಪ್ಪು ಉದುರಿಸಿ, ಅಂಗೈಯಲ್ಲಿ ಸುರುಳಿ ಸುತ್ತಿ ಒಬ್ಬೊಬ್ಬರ ಕೈಗೂ ಕೊಟ್ಟಳು. ದುಡ್ಡು ತಗೊಳ್ಳಲಿಲ್ಲ. ಮಗ ಆ ಸುರುಳಿಯನ್ನು ಎರಡೂ ಕೈಯಲ್ಲಿ ಹಿಡಿದು ಸ್ವಲ್ಪ ಸ್ವಲ್ಪವೇ ಕಚ್ಚಿದ. ತುದಿಯಿಂದ ಹಬೆ ಬರುತ್ತಿತ್ತು. ನಿನ್ನೆಯಿಂದ ಸರಿಯಾಗಿ ಏನೂ ತಿನ್ನದಿದ್ದ ಹುಡುಗ ಮೂರು ರೊಟ್ಟಿ ತಿಂದ. ಆಮೇಲೆ ಪ್ರತಿದಿನ ಬೆಳಿಗ್ಗೆ ನಾವು ಅಲ್ಲಿ ಹಾಜರು.

ಸಸ್ಯಾಹಾರಿಗಳಿಗೆ ಒಂದು ಮಾತು. ಅರೆದು ಹುರಿದ ಬೀನ್ಸ್ ನೋಡಲಿಕ್ಕೆ ನಮ್ಮ ಕಾಳುಪಲ್ಯದ ಹಾಗಿರುತ್ತದೆ, ಆದರೆ ಎಷ್ಟೋ ಕಡೆ ಹಂದಿ ಕೊಬ್ಬಿನಲ್ಲಿ ಹುರಿದಿರುತ್ತಾರೆ. "ಸಿನ್ ಮಾಂತೇಕಾ?" ಅಂತ ಕೇಳಿ. ಕೊಬ್ಬು ಹಾಕಿಲ್ಲ ತಾನೇ ಅಂತ ಅರ್ಥ. ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ. ಇನ್ನೊಂದು, ಹಮೈಕಾ ಪಾನಕ. ನಮ್ಮ ಪುಂಡಿಸೊಪ್ಪಿನ ಜಾತಿಯ ಗಿಡದ ಹೂವಿನ ಬುಡದ ದಪ್ಪ ಕೆಂಪು ಎಸಳು ಕುದಿಸಿ ಮಾಡುವ ತಣ್ಣನೆಯ ಪಾನಕ. ಹುಳಿ ಅದೇ ಹುಳಿ. ನಾನು ದಿನಾ ಎರಡು ಲೋಟ ಕುಡಿದೆ.

ಮಧ್ಯಾಹ್ನ ಪೂರ್ತಿ ಮನೆ ಮುಂದಿನ ಕೊಲ್ಲಿಯಲ್ಲಿ ಆಟ. ದೂರದಲ್ಲಿ ಹವಳದ ದಿಬ್ಬಕ್ಕೆ ಬಡಿದು ಅಲೆಗಳು ಅಲ್ಲಿಯೇ ಒಡೆಯುತ್ತವೆ, ದಡದ ನೀರು ಕೆರೆಯ ಹಾಗೆ ಶಾಂತ. ಕೆಳಗೆ ಚೂಪು ಕಲ್ಲು ಜಾಸ್ತಿ. ಮಕ್ಕಳಿಗೆ ನೀರಿನಲ್ಲಿ ಹಾಕುವ ಚಪ್ಪಲಿ ಬೇಕೇ ಬೇಕು.

ಸೋಮವಾರ

ಅಕುಮಾಲ್ ಅಂದರೆ ಇಲ್ಲಿನ ಮೂಲನಿವಾಸಿಗಳ ಮಾಯಾ ಭಾಷೆಯಲ್ಲಿ ಆಮೆಗಳ ಜಾಗ. ಊರಿನ ಕೊಲ್ಲಿಯ ತಳದಲ್ಲಿ ಹುಲ್ಲು ಬೆಳೆದಿದೆ. ಹಸಿರು ಕಡಲಾಮೆಗಳು ಅದನ್ನು ಮೇಯಲು ವರ್ಷವಿಡೀ ಬರುತ್ತವೆ. ಅಲ್ಲಿ ಲೈಫ್ ಜಾಕೆಟ್ ಹಾಕಿ, ಗೈಡ್ ಜೊತೆಗೆ ಹೋಗಬೇಕು. ಮುಟ್ಟುವ ಹಾಗಿಲ್ಲ, ಅಟ್ಟಿಸಿಕೊಂಡು ಹೋಗುವ ಹಾಗಿಲ್ಲ, ಮೈಗೆ ಸನ್‌ಸ್ಕ್ರೀನ್ ಹಚ್ಚುವ ಹಾಗಿಲ್ಲ. ಈ ನಿಯಮಗಳು ಇನ್ನೂ ಬಿಗಿಯಾದರೂ ನನಗೆ ಸಂತೋಷವೇ.

ನಾನು, ಮಗಳು, ಅವಳಿಗಳ ಅಪ್ಪ ಹೋದೆವು. ಮಗಳು ನನ್ನ ಬೆರಳು ಬಿಡಲಿಲ್ಲ. ಹತ್ತು ನಿಮಿಷ ಬರೀ ಹುಲ್ಲು. ಆಮೇಲೆ ಗೈಡ್ ಕೈ ತೋರಿಸಿದ. ನಮ್ಮ ಕೆಳಗೆ ರೊಟ್ಟಿ ಹೆಂಚಿಗಿಂತ ದೊಡ್ಡ ಚಿಪ್ಪು. ಆಮೆ ತಲೆ ಬಗ್ಗಿಸಿ, ಹಸು ಮೇಯುವ ಹಾಗೆ ಹುಲ್ಲನ್ನು ಕಿತ್ತು ಕಿತ್ತು ತಿನ್ನುತ್ತಿತ್ತು. ಕಿತ್ತಾಗೆಲ್ಲ ಮರಳು ಸ್ವಲ್ಪ ಏಳುತ್ತಿತ್ತು. ಬೆನ್ನಿಗೆ ಒಂದು ಉದ್ದನೆಯ ಮೀನು ಅಂಟಿಕೊಂಡಿತ್ತು. ಸ್ವಲ್ಪ ಹೊತ್ತಿಗೆ ಉಸಿರು ತಗೊಳ್ಳಲು ಮೇಲೆ ಬಂತು. ಅವಸರವೇ ಇಲ್ಲ. ನೀರಿನ ಮೇಲೆ ತಲೆ ಎತ್ತಿ 'ಫುಸ್' ಅಂತ ಉಸಿರು ಬಿಟ್ಟು ಮತ್ತೆ ಇಳಿಯಿತು. ಆ ಸದ್ದು ನನ್ನ ಮಗಳಿಗೆ ಕೇಳಿಸಿತು. ದಡಕ್ಕೆ ಬಂದ ಮೇಲೆ ಅವಳು ಆಮೆ ನೋಡಿದ್ದನ್ನು ಹೇಳಲಿಲ್ಲ, ಆ ಉಸಿರನ್ನೇ ಎಲ್ಲರಿಗೂ ಮಾಡಿ ತೋರಿಸಿದಳು. ಸಂಜೆಯ ಹೊತ್ತಿಗೆ ಐದೂ ಮಕ್ಕಳು ಫುಸ್ ಫುಸ್ ಅನ್ನುತ್ತಾ ಹಾಲಿನಲ್ಲಿ ತೆವಳುತ್ತಿದ್ದರು.

ಮೇ ತಿಂಗಳಿನಿಂದ ಹೆಣ್ಣಾಮೆಗಳು ಇದೇ ದಡಕ್ಕೆ ಮೊಟ್ಟೆ ಇಡಲು ರಾತ್ರಿ ಬರುತ್ತವೆ. ಹುಟ್ಟಿದ ಕರಾವಳಿಗೇ ದೊಡ್ಡವಾದ ಮೇಲೆ ತಿರುಗಿ ಬರುತ್ತವಂತೆ ಅಂದಾಗ ಶಿಕಾಗೋ ಗೆಳತಿ ಸುಮ್ಮನಾದಳು. ಹೋದ ವರ್ಷ ಅವಳ ಅಪ್ಪ ತೀರಿಕೊಂಡಾಗ ಅವಳಿಗೆ ಸಮಯಕ್ಕೆ ಊರು ಮುಟ್ಟಲು ಆಗಿರಲಿಲ್ಲ. ಅವತ್ತು ರಾತ್ರಿ ಮೂವರೂ ಬಹಳ ಹೊತ್ತು ಪಾತ್ರೆ ತೊಳೆಯುತ್ತಾ ಮಾತಾಡಿದೆವು. ಫೋನಿನಲ್ಲಿ ಆ ಮಾತು ಬಂದೇ ಇರಲಿಲ್ಲ.

ಮಂಗಳವಾರ

ಬೆಳಿಗ್ಗೆ ಎದ್ದರೆ ದಡವೆಲ್ಲ ಕಂದು ಬಣ್ಣ. ಸರ್ಗಾಸಮ್ ಎಂಬ ಪಾಚಿ ರಾತ್ರಿ ತೇಲಿ ಬಂದು ಗುಡ್ಡೆಯಾಗಿತ್ತು. ಕೊಳೆತ ಮೊಟ್ಟೆಯ ವಾಸನೆ. ಸುಮಾರು 2015ರಿಂದ ಈ ಕರಾವಳಿಗೆ ಇದರ ಕಾಟ. ಸಾಮಾನ್ಯವಾಗಿ ಬೇಸಿಗೆಯಲ್ಲಿ ಜಾಸ್ತಿ, ನಮಗೆ ಮಾರ್ಚ್‌ನಲ್ಲೇ ಸಿಕ್ಕಿತು. ಸೂರ್ಯ ಏಳುವ ಮೊದಲೇ ನಾಲ್ಕೈದು ಜನ ಕೈಗಾಡಿ, ಮುಳ್ಳುಗೋಲು ಹಿಡಿದು ಎತ್ತಲು ಶುರು ಮಾಡಿದ್ದರು. ಹಸಿ ಪಾಚಿ ಎಷ್ಟು ಭಾರ ಅನ್ನುವುದು ಅವರ ತೋಳು ನೋಡಿದರೆ ತಿಳಿಯುತ್ತಿತ್ತು. ನಾವು ತಣ್ಣೀರು ಒಯ್ದು ಕೊಟ್ಟೆವು. ಮಧ್ಯಾಹ್ನಕ್ಕೆ ದಡ ಅರ್ಧ ಸ್ವಚ್ಛವಾಗಿತ್ತು.

ಅದೇ ದಿನ ಅವಳಿಗಳಲ್ಲಿ ಒಬ್ಬನಿಗೆ ಕಿವಿನೋವು. ಇಲ್ಲಿ ಎಷ್ಟೋ ಔಷಧಿ ಅಂಗಡಿಗಳ ಪಕ್ಕದಲ್ಲಿಯೇ ಡಾಕ್ಟರ ಸಣ್ಣ ಕೋಣೆ ಇರುತ್ತದೆ. ಅಪಾಯಿಂಟ್‌ಮೆಂಟ್ ಬೇಡ, ಫೀಸು ಕಡಿಮೆ. ಚಿಕ್ಕ ವಯಸ್ಸಿನ ಡಾಕ್ಟರಮ್ಮ ಕಿವಿ ನೋಡಿ, ನೀರು ನಿಂತು ಸೋಂಕಾಗಿದೆ ಅಂದರು. ಕಿವಿಗೆ ಹಾಕುವ ಹನಿ ಕೊಟ್ಟು, ಉಳಿದ ದಿನ ತಲೆ ಒದ್ದೆಯಾಗಬಾರದು ಅಂದರು. ಹುಡುಗನ ಮುಖ ಬಾಡಿತು. ಅಡುಗೆಗೆ ಸೀಮೆಬದನೆ ಹುಳಿ, ಅನ್ನ. ಅವನಿಗೆ ಇಷ್ಟ ಅಂತ ಮೇಲೆ ತುಪ್ಪ.

ಬುಧವಾರ

ಮಾಯಾ ಜನರ ಹಳೆಯ ಊರು ಚಿಚೆನ್ ಇಟ್ಸಾಗೆ ಹೋಗಬೇಕು ಅಂತ ಗಂಡಸರ ಆಸೆ. ಒಂದು ಕಡೆಗೇ ಎರಡು ಗಂಟೆಗಿಂತ ಜಾಸ್ತಿ ಕಾರಿನ ದಾರಿ, ನೆರಳಿಲ್ಲದ ಬಯಲು. ಮೂರು ವರ್ಷದ ಮಗುವಿಗೆ ಅದು ಶಿಕ್ಷೆ ಅಂತ ನಾನು ಗಟ್ಟಿಯಾಗಿ ಹೇಳಿದೆ. ಬಿಟ್ಟೆವು. ಬದಲಿಗೆ ಹತ್ತಿರದ ಸೆನೋಟೆ ಅಸುಲ್ ಎಂಬ ಕೊಳಕ್ಕೆ ಹೋದೆವು. ಇಡೀ ಪ್ರವಾಸದಲ್ಲಿ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಜಾಗ ಇರಲಿಲ್ಲ.

ನಾವಿದ್ದ ಯುಕಟಾನ್ ಪರ್ಯಾಯ ದ್ವೀಪದ ನೆಲವೆಲ್ಲ ಸುಣ್ಣಕಲ್ಲು. ಮಳೆ ಬಿದ್ದರೆ ನೀರು ಮೇಲೆ ನಿಲ್ಲುವುದಿಲ್ಲ, ಇಂಗಿ ಕೆಳಗೆ ಹೋಗುತ್ತದೆ. ಅದಕ್ಕೇ ಉತ್ತರದ ಭಾಗದಲ್ಲಿ ಹರಿಯುವ ಹೊಳೆಗಳೇ ಇಲ್ಲ, ಹೊಳೆಗಳೆಲ್ಲ ನೆಲದ ಅಡಿಯಲ್ಲಿವೆ. ನೀರು ಕಲ್ಲನ್ನು ಕರಗಿಸುತ್ತಾ ಕರಗಿಸುತ್ತಾ ಗುಹೆ ಕೊರೆಯುತ್ತದೆ. ಒಂದು ದಿನ ಮೇಲಿನ ಛಾವಣಿ ಕುಸಿಯುತ್ತದೆ, ಒಳಗಿನ ನೀರಿಗೆ ಬೆಳಕು ಬೀಳುತ್ತದೆ. ಅದೇ ಸೆನೋಟೆ. ಇಲ್ಲಿಗೆ ಸ್ವಲ್ಪ ದಕ್ಷಿಣಕ್ಕೆ ತುಲುಮ್ ಹತ್ತಿರ ಎರಡು ಗುಹೆ ಜಾಲಗಳು ನೀರಿನಡಿಯಲ್ಲಿ ಒಂದಕ್ಕೊಂದು ಸೇರಿವೆ ಅಂತ 2018ರಲ್ಲಿ ಮುಳುಗುಗಾರರು ಕಂಡುಹಿಡಿದರು. ಆಗ ಅಳೆದಾಗ ಒಟ್ಟು ಸುಮಾರು 347 ಕಿಲೋಮೀಟರ್ ಉದ್ದ. ಹಿಂದೆ ಇಲ್ಲಿನ ಮಾಯಾ ಜನರ ಊರುಗಳಿಗೆ ಕುಡಿಯುವ ನೀರು ಬಹುಪಾಲು ಈ ಬಾವಿಗಳಿಂದ ಬರುತ್ತಿತ್ತು. ಅವರಿಗೆ ಇದು ದೇವರ ಜಾಗ ಕೂಡ.

ಒಳಗೆ ಹೋಗುವ ಮೊದಲು ಮೈ ತೊಳೆಯಬೇಕು, ಯಾವ ಎಣ್ಣೆ, ಕ್ರೀಮೂ ನೀರಿಗೆ ಸೇರಬಾರದು. ನೀರು ಎಷ್ಟು ತಿಳಿ ಅಂದರೆ ತಳದ ಕಲ್ಲಿನ ಮೇಲಿನ ಬಿರುಕೂ ಕಾಣುತ್ತದೆ. ತಣ್ಣಗಿದೆ. ದೊಡ್ಡ ಕೊಳದ ಪಕ್ಕ ಮೊಣಕಾಲುದ್ದದ ಸಣ್ಣ ಕೊಳಗಳಿವೆ. ಚಿಕ್ಕವರಿಗೆ ಹೇಳಿ ಮಾಡಿಸಿದ ಹಾಗೆ.

ಕಿವಿನೋವಿನ ಹುಡುಗ ಕಲ್ಲಿನ ಮೇಲೆ ಕೂತು ಕಾಲು ಮಾತ್ರ ಇಳಿಬಿಟ್ಟ. ಅವನ ತಮ್ಮ ಈಜುವ ಜಾಕೆಟ್ ಹಾಕಿಕೊಂಡು ತಯಾರಾಗಿದ್ದ. ಅಣ್ಣನನ್ನು ನೋಡಿದ. ಏನೂ ಹೇಳದೆ ಜಾಕೆಟ್ ಬಿಚ್ಚಿ ಪಕ್ಕಕ್ಕಿಟ್ಟು, ಬಂದು ಅವನಿಗೆ ಭುಜ ತಾಗಿಸಿ ಕೂತ. ನಾಲ್ಕು ಕಾಲು ನೀರಿನಲ್ಲಿ. ಸ್ವಲ್ಪ ಹೊತ್ತಿಗೆ ಬೆರಳುದ್ದದ ಮೀನುಗಳು ಬಂದು ಕಾಲಿನ ಚರ್ಮ ಕಚ್ಚತೊಡಗಿದವು. "ಮೌಶಿ, ಕಚಗುಳಿ ಇಡ್ತಾವು!" ಅಂತ ಇಬ್ಬರೂ ಕಿರುಚಿದರು. ಈಜುತ್ತಿದ್ದ ಹುಡುಗಿಯರೂ ಬಂದು ಸಾಲಿಗೆ ಸೇರಿದರು. ಎಂಟು ಪುಟ್ಟ ಕಾಲುಗಳ ಸುತ್ತ ಮೀನಿನ ಜಾತ್ರೆ.

ಮೌಶಿ ಅಂದರು ಅನ್ನುವುದು ನನಗೆ ಆಮೇಲೆ ಹೊಳೆಯಿತು. ಶನಿವಾರ ಏರ್‌ಪೋರ್ಟಿನಲ್ಲಿ ನಾನು ಅವರಿಗೆ ಆಂಟಿ ಆಗಿದ್ದೆ. ಯಾರೂ ಕಲಿಸಿರಲಿಲ್ಲ. ಅವರಮ್ಮ ತನ್ನ ಚಿಕ್ಕಮ್ಮನಿಗೆ ಫೋನಿನಲ್ಲಿ ಮೌಶಿ ಅನ್ನುವುದನ್ನು ಕೇಳಿರಬೇಕು.

ಗುರುವಾರ

ತುಲುಮ್‌ಗೆ ಬೆಳಿಗ್ಗೆ ಎಂಟಕ್ಕೇ ಹೋಗಿ. ಹತ್ತಾದರೆ ಬಿಸಿಲೂ ಜನವೂ ಜೋರು. ಸಮುದ್ರಕ್ಕೆ ಮುಖ ಮಾಡಿದ ಬಂಡೆಯ ಮೇಲೆ ಮಾಯಾ ಜನರ ಊರು. ಮೂರು ಕಡೆ ಕಲ್ಲಿನ ಕೋಟೆ ಗೋಡೆ, ನಾಲ್ಕನೇ ಕಡೆ ಕಡಲು. 1518ರಲ್ಲಿ ಸ್ಪೇನಿನ ಹಡಗುಗಳು ಈ ದಡದ ಪಕ್ಕ ಹಾದುಹೋದಾಗ ಇಲ್ಲಿ ಇನ್ನೂ ಜನ ಇದ್ದರು. ಈಗ ಇಲ್ಲಿ ಉಡದಂಥ ಇಗ್ವಾನಾಗಳು ಮೈ ಕಾಯಿಸುತ್ತಾ ಮಲಗಿರುತ್ತವೆ.

ಒಂದು ಗುಡಿಯ ಬಾಗಿಲ ಮೇಲೆ ಕಾಲು ಮೇಲೆ, ತಲೆ ಕೆಳಗೆ ಮಾಡಿ ಇಳಿಯುತ್ತಿರುವ ದೇವರ ಶಿಲ್ಪ ಇದೆ. ಚಿನ್ನು ಅದನ್ನು ನೋಡಲು ತಾನೇ ಬಗ್ಗಿ ಕಾಲಿನ ಸಂದಿಯಿಂದ ತಲೆ ಹಾಕಿದಳು. ಹಾಗೆ ನೋಡಿದರೆ ದೇವರು ನೆಟ್ಟಗೆ ಕಾಣಿಸುತ್ತಾನಂತೆ. ನಾನೂ ನೋಡಿದೆ, ನಿಜ.

ನಮ್ಮ ಗೈಡ್ ಮಾಯಾ ಮನೆತನದವರು. ಮನೆಯಲ್ಲಿ ಅದೇ ಭಾಷೆ ಆಡುತ್ತಾರಂತೆ. ಮಕ್ಕಳು ದಣಿದದ್ದು ನೋಡಿ ಮರದ ನೆರಳಿಗೆ ಕರೆದುಕೊಂಡು ಹೋಗಿ ಕೋಲಿನಿಂದ ನೆಲದ ಮೇಲೆ ಲೆಕ್ಕ ಕಲಿಸಿದರು. ಒಂದಕ್ಕೆ ಒಂದು ಚುಕ್ಕಿ. ನಾಲ್ಕರವರೆಗೆ ಚುಕ್ಕಿಗಳು. ಐದಕ್ಕೆ ಒಂದು ಅಡ್ಡ ಗೆರೆ. ಸೊನ್ನೆಗೆ ಚಿಪ್ಪು. ನಾವು ಹತ್ತರ ಗುಂಪಿನಲ್ಲಿ ಎಣಿಸಿದರೆ ಅವರು ಇಪ್ಪತ್ತರ ಗುಂಪಿನಲ್ಲಿ. ಮಕ್ಕಳು ತಮ್ಮ ತಮ್ಮ ವಯಸ್ಸು ಬರೆದರು. ಅವಳಿಗಳಿಗೆ ಒಂದೊಂದು ಗೆರೆ. ಮಗನಿಗೆ ಮೂರು ಚುಕ್ಕಿ. ಮಗಳು ಗೆರೆಯ ಮೇಲೆ ಒಂದು ಚುಕ್ಕಿ ಇಟ್ಟಳು. ಅವಳ ಕೈ ಅಜ್ಜಿಯ ಹತ್ತಿರ ರಂಗೋಲಿ ಚುಕ್ಕಿ ಇಟ್ಟು ಕಲಿತ ಕೈ, ಅಳೆದ ಹಾಗೆ ನಡುವಿನಲ್ಲಿ ಕೂತಿತು.

ಇವತ್ತು ರಾತ್ರಿ ಚಂದ್ರಗ್ರಹಣ, ಮರೆಯದೆ ನೋಡಿ ಅಂದರು ಗೈಡ್. ಗ್ರಹಣ ಯಾವಾಗ ಆಗಬಹುದು ಅನ್ನುವ ಲೆಕ್ಕದ ಪಟ್ಟಿಯನ್ನು ಅವರ ಹಿರಿಯರು ಬರೆದಿಟ್ಟಿದ್ದರು. ಆ ಹೊತ್ತಗೆ ಈಗ ಜರ್ಮನಿಯ ಡ್ರೆಸ್ಡನ್‌ನಲ್ಲಿದೆ. ಉಳಿದ ಎಷ್ಟೋ ಹೊತ್ತಗೆಗಳನ್ನು ಸ್ಪೇನಿನ ಪಾದ್ರಿಗಳು ಸುಟ್ಟರು. ಇದನ್ನು ಹೇಳುವಾಗ ಅವರ ದನಿ ಏರಲಿಲ್ಲ.

ಅವತ್ತು ಹೋಳಿ ಹುಣ್ಣಿಮೆ. ರಾತ್ರಿ ಒಂದೂವರೆಗೆ ನಾವು ಮೂವರೂ ಮಹಡಿ ಮೇಲೆ ಚಾದರ ಹೊದ್ದು ಮಲಗಿದ್ದೆವು. ಗಂಡಸರನ್ನು ಎಬ್ಬಿಸಿದೆವು, ನೋಡಿ ಹೋಗಿ ಮಲಗಿದರು. ಚಂದ್ರ ಇಟ್ಟಿಗೆ ಬಣ್ಣಕ್ಕೆ ತಿರುಗಿದ್ದ. ಅದುವರೆಗೆ ಬೆಳದಿಂಗಳಿಗೆ ಬಿಳಿಯಾಗಿದ್ದ ಸಮುದ್ರ ಕಪ್ಪಾಯಿತು, ನಕ್ಷತ್ರಗಳು ಒಮ್ಮೆಲೇ ಹೆಚ್ಚಾದವು. ಧಾರವಾಡಕ್ಕೆ ಅವ್ವನಿಗೆ ಫೋನ್ ಮಾಡಿದೆ. ಅಲ್ಲಿ ನಡು ಮಧ್ಯಾಹ್ನ, ಹಿಂದೆ ಹಲಗಿ ಬಾರಿಸುವ ಸದ್ದು. "ಇಲ್ಲಿ ಗ್ರಹಣ ಕಾಣಂಗಿಲ್ಲವ್ವ. ಹುಡುಗರನ್ನ ಹೊರಗ ಬಿಡಬ್ಯಾಡ, ಮುಗಿದ ಮ್ಯಾಲೆ ತಲಿಮ್ಯಾಲೆ ನೀರ ಹಾಕ್ಕೋ" ಅಂದಳು. ಎರಡೂವರೆಗೆ ಚಂದ್ರನ ಒಂದು ಅಂಚು ಮತ್ತೆ ಬೆಳಗಿತು. ಮೂವರೂ ಸ್ನಾನ ಮಾಡಿ ಮಲಗಿದೆವು.

ಶುಕ್ರವಾರ

ಎಲ್ಲಿಗೂ ಹೋಗಲಿಲ್ಲ. ಮಾವಿನಹಣ್ಣು ತಿಂದೆವು. ಕಿವಿನೋವು ವಾಸಿಯಾಗಿತ್ತು. ಸಂಜೆ ಮಗಳು ಒದ್ದೆ ಮರಳಿನಲ್ಲಿ ಎರಡು ಅಡ್ಡ ಗೆರೆ ಎಳೆದು, ಮೇಲೊಂದು ಚುಕ್ಕಿ ಇಟ್ಟಳು. ಹನ್ನೊಂದು. "ನಮ್ಮ ಮನೇಲಿ ಇಷ್ಟು ಜನ" ಅಂದಳು. ಅಲೆ ಬಂದು ಅಳಿಸಿತು. ಇನ್ನೂ ಮೇಲೆ ಹೋಗಿ ಒಣ ಮರಳಿನಲ್ಲಿ ಬರೆದಳು.

ಶನಿವಾರ

ಕ್ಯಾನ್‌ಕೂನ್‌ನಲ್ಲಿ ಮೂರು ವಿಮಾನ, ಮೂರು ಗೇಟು. ಮೊದಲು ಶಿಕಾಗೋದವರು ಹೋದರು. ಅವಳಿಗಳು ತಿರುಗಿ ತಿರುಗಿ ಕೈಬೀಸಿದರು. ಅವರು ಎಲ್ಲಿ ಮಲಗುತ್ತಾರೆ ಅಂತ ಮಗ ಮೂರು ಸಲ ಕೇಳಿದ. ಅವರ ಮನೆಯಲ್ಲಿ ಅಂದರೆ ಒಪ್ಪಲಿಲ್ಲ.

ಭಾನುವಾರ ಡಲ್ಲಾಸ್‌ನಲ್ಲಿ ಹಾಲು ತರಲು ಬಾಗಿಲು ತೆಗೆದೆ. ಮಗಳು ಆಗಲೇ ಎದ್ದು ಹೋಗಿ ಕಾರು ನಿಲ್ಲಿಸುವ ಸಿಮೆಂಟಿನ ಮೇಲೆ ಸೀಮೆಸುಣ್ಣದಿಂದ ಬರೆದಿದ್ದಳು. ಎರಡು ಗೆರೆ, ಮೇಲೊಂದು ಚುಕ್ಕಿ. ನಾನು ಕಾರು ಅದರ ಮೇಲೆ ಹಾಯಿಸದೆ ಪಕ್ಕಕ್ಕೆ ತಿರುಗಿಸಿ ಹೊರಗೆ ತೆಗೆದೆ.